ನಲವತ್ತೆಂಟು ಸೆಕೆಂಡಿನ ಜೋಡಿ

ಶೂ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ಹೆಂಗಸರು ಎರಡು ಉದ್ದನೆಯ ಮೇಜುಗಳ ಸುತ್ತ ನಿಂತು ಕೆಲಸ ಮಾಡುತ್ತಾರೆ. ಕೇಳುವುದಕ್ಕೆ ಸುಲಭದ ಕೆಲಸ. ಬೆಲ್ಟಿನ ಮೇಲೆ ಬಂದ ಜೋಡಿಯನ್ನು ಎತ್ತಿಕೊಳ್ಳಬೇಕು, ಬಟ್ಟೆಯಲ್ಲಿ ಒರೆಸಬೇಕು, ಮೂತಿಗೆ ಕಾಗದದ ಉಂಡೆ ತುರುಕಬೇಕು. ಒಂದರ ಮೂತಿ ಇನ್ನೊಂದರ ಹಿಮ್ಮಡಿಯ ಪಕ್ಕ ಬರುವಂತೆ ಡಬ್ಬಿಯಲ್ಲಿ ಮಲಗಿಸಿ, ತೆಳು ಕಾಗದ ಮಡಚಿ, ಮುಚ್ಚಳ ಹಾಕಿ, ಸೈಜಿನ ಚೀಟಿ ಅಂಟಿಸಬೇಕು. ಇದಕ್ಕೆ ಎಷ್ಟು ಹೊತ್ತು ಬೇಕು ಎಂದು ಬಹಳ ವರ್ಷ ಯಾರೂ ಕೇಳಿರಲಿಲ್ಲ. ಮೊದಲು ಕೇಳಿದವರು, ಅಳೆದವರು, ಅಳೆದು ತಪ್ಪು ಬರೆದವರು ಒಬ್ಬರೇ. ಕಾರ್ಖಾನೆಯಲ್ಲಿ ಅವರನ್ನು ಸೆಕೆಂಡು ಮೇಷ್ಟ್ರು ಅನ್ನುತ್ತಾರೆ.

ಮೇಷ್ಟ್ರಿಗೆ ನಲವತ್ತಮೂರು ವರ್ಷ. ಕೂತಲ್ಲಿ ಕೂರುವ ಜಾಯಮಾನದವರಲ್ಲ. ಬಸ್ಸಿನಲ್ಲಿ ಟಿಕೆಟ್ ಕೊಡುವವನ ಬೆರಳು ನೋಡುತ್ತಾರೆ, ಕ್ಷೌರದಂಗಡಿಯಲ್ಲಿ ಕತ್ತರಿ ಎಷ್ಟು ಸಲ ಗಾಳಿಯಲ್ಲಿ ಸುಮ್ಮನೆ ಆಡಿತು ಎಂದು ಎಣಿಸುತ್ತಾರೆ. ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರೆ ಹೆಂಡತಿ ಕೆಲಸ ನಿಲ್ಲಿಸಿಬಿಡುತ್ತಾರೆ. "ರೀ, ನನ್ನ ಕೈ ನೋಡಬೇಡಿ. ನೀವು ನೋಡ್ತಿದ್ರೆ ಪಾತ್ರೆ ಜಾರುತ್ತೆ" ಎನ್ನುತ್ತಾರೆ.

ಅವರು ಮೊದಲು ಇದ್ದದ್ದು ಕಟಿಂಗ್ ವಿಭಾಗದಲ್ಲಿ. ಹನ್ನೊಂದು ವರ್ಷ ಚರ್ಮ ಕತ್ತರಿಸಿದರು. ಒಂದು ಹಾಳೆ ಚರ್ಮದಲ್ಲಿ ಬೇರೆಯವರಿಗಿಂತ ಒಂದು ಜೋಡಿ ಹೆಚ್ಚು ತೆಗೆಯುತ್ತಿದ್ದರಿಂದ ಮೇಲಿನವರ ಕಣ್ಣಿಗೆ ಬಿದ್ದರು. ಆರು ವಾರದ ತರಬೇತಿಗೆ ಕಳಿಸಿದರು. ಅಲ್ಲಿ ಪಾಠ ಹೇಳಿದವರು ನಿವೃತ್ತ ಇಂಜಿನಿಯರ್. ನೂರು ವರ್ಷಕ್ಕೂ ಹಿಂದಿನ ಕಥೆಯಿಂದ ಶುರು ಮಾಡಿದರು.

ಉಕ್ಕಿನ ಕಾರ್ಖಾನೆಯ ಒಬ್ಬ ಇಂಜಿನಿಯರಿಗೆ, ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ, ಮಾಲೀಕರು ಬಾಯಿಗೆ ಬಂದ ಲೆಕ್ಕ ಹೇಳುತ್ತಾರೆ, ನ್ಯಾಯವಾದ ದಿನದ ಕೆಲಸ ಎಷ್ಟೆಂದು ಇಬ್ಬರಿಗೂ ಗೊತ್ತಿಲ್ಲ ಅನ್ನಿಸಿತು. ಆತ ಗಡಿಯಾರ ಹಿಡಿದು ನಿಂತ. ಒಂದು ಕೆಲಸವನ್ನು ಚಿಕ್ಕ ಚಿಕ್ಕ ಚಲನೆಗಳಾಗಿ ಒಡೆದು, ಬೇಡದ್ದನ್ನು ಬಿಟ್ಟು, ಉಳಿದದ್ದನ್ನು ಅಳೆದ. ಅದೇ ಕಾಲದಲ್ಲಿ ಇನ್ನೊಂದು ದೇಶದಲ್ಲಿ ಗಣಿ ಕಂಪನಿ ನಡೆಸುತ್ತಿದ್ದವನೊಬ್ಬ ಮೇಲಿನಿಂದ ನೋಡಿದ. ಕೆಲಸ ಹಂಚಿರಬೇಕು, ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು, ಮಾತು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯಬೇಕು ಎಂದು ಹದಿನಾಲ್ಕು ತತ್ವ ಬರೆದ. ಮೂರನೆಯವನು ಪ್ರೊಫೆಸರ್. ಕಚೇರಿ ನಡೆಯಬೇಕಾದ್ದು ಬರೆದಿಟ್ಟ ನಿಯಮದಿಂದ, ಯಾರು ಯಾರ ನಂಟ ಎಂಬುದರಿಂದ ಅಲ್ಲ ಎಂದ.

ಮೇಷ್ಟ್ರ ಮನಸ್ಸಿಗೆ ನಾಟಿದ್ದು ಈ ಕೊನೆಯದು. ಅವರ ತಂಗಿ ಅದೇ ಕಾರ್ಖಾನೆಯ ಪ್ಯಾಕಿಂಗ್ ಮೇಜಿನಲ್ಲಿದ್ದಳು. ಅವಳಿಗೆ ಕೆಲಸ ಕೊಡಿಸಿದ್ದು ಇವರೇ ಎಂದು ಹೇಳುವವರಿದ್ದರು. ಅದು ಸುಳ್ಳು. ಆದರೆ ಹೇಳುವವರ ಬಾಯಿ ಕಟ್ಟುವುದು ಹೇಗೆ?

ತರಬೇತಿ ಮುಗಿಸಿ ಬಂದು ಎರಡು ವರ್ಷದಲ್ಲಿ ಕಟಿಂಗ್, ಹೊಲಿಗೆ, ಸೋಲ್ ಅಂಟಿಸುವ ವಿಭಾಗಗಳ ಅಳತೆ ಮುಗಿಸಿದರು. ಹೋದಲ್ಲೆಲ್ಲ ಒಂದೇ ಅನುಭವ. ವಾಚು ಕಂಡ ಕೂಡಲೇ ಕೈಗಳು ನಿಧಾನವಾಗುತ್ತಿದ್ದವು. ಅದಕ್ಕೆಂದೇ ಅಳತೆ ಹಾಳೆಯಲ್ಲಿ ಒಂದು ಕಾಲಂ ಇರುತ್ತದೆ. ಕೆಲಸಗಾರ ಸಹಜ ವೇಗದಲ್ಲಿದ್ದರೆ ನೂರು ಎಂದು ಬರೆಯಬೇಕು. ಎಳೆದಾಡುತ್ತಿದ್ದರೆ ಎಂಬತ್ತು, ಓಡುತ್ತಿದ್ದರೆ ನೂರ ಇಪ್ಪತ್ತು. ವಾಚಿನ ಸಮಯವನ್ನು ಆ ಅಂಕೆಗೆ ತಕ್ಕಂತೆ ಏರಿಸಿಯೋ ಇಳಿಸಿಯೋ ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಒಂದು ಅಂಕೆಯನ್ನು ಯಾವ ಗಡಿಯಾರವೂ ಹೇಳುವುದಿಲ್ಲ. ನೋಡುವವನ ಕಣ್ಣೇ ಹೇಳಬೇಕು.

ಪ್ಯಾಕಿಂಗ್ ಸರದಿ ಬಂದಾಗ ಅಲ್ಲಿನ ಸೂಪರ್‌ವೈಸರಮ್ಮ ತಂಗಿಯನ್ನೇ ತೋರಿಸಿದರು. "ಇವಳು ಆಗಲಿ. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ, ನಡುವಿನವಳು" ಎಂದರು. ಬೇಡ ಎನ್ನಬಹುದಿತ್ತು. ಬೇಡ ಎಂದರೆ ನಂಟಿಗೆ ಬೆಲೆ ಕೊಟ್ಟ ಹಾಗೆ ಎಂದುಕೊಂಡು ಮೇಷ್ಟ್ರು ಒಪ್ಪಿದರು.

ಅಳತೆ ಇಪ್ಪತ್ತು ನಿಮಿಷ ನಡೆಯಿತು. ಆ ಇಪ್ಪತ್ತು ನಿಮಿಷ ತಂಗಿ ತಲೆ ಎತ್ತಲಿಲ್ಲ. ಜೋಡಿಗೆ ಸರಾಸರಿ ನಲವತ್ತೆರಡು ಸೆಕೆಂಡು. ಕೊನೆಕೊನೆಗೆ ಅವಳು ಬಾಯಲ್ಲಿ ಉಸಿರಾಡುತ್ತಿದ್ದಳು. ನೂರ ಇಪ್ಪತ್ತು ಎಂದು ಮೇಷ್ಟ್ರ ಕಣ್ಣು ಹೇಳಿತು. ಹಾಗೆ ಬರೆದರೆ ಜೋಡಿಗೆ ಸಿಗುವ ಸಮಯ ಹೆಚ್ಚಾಗುತ್ತದೆ, ಕೆಲಸ ಹಗುರಾಗುತ್ತದೆ. ತಂಗಿ ಅಂತ ರಿಯಾಯಿತಿ ಕೊಟ್ಟ ಎಂಬ ಮಾತು ಕ್ಯಾಂಟೀನಿನಲ್ಲಿ ಆಗಲೇ ಕೇಳಿಸಿದಂತಾಯಿತು. ನೂರು ಎಂದು ಬರೆದರು. ದಣಿವಿಗೆ, ನೀರು ಕುಡಿಯುವುದಕ್ಕೆ ಎಂದು ಮಾಮೂಲಿನಂತೆ ನೂರಕ್ಕೆ ಹದಿನೈದು ಸೇರಿಸಿದರು. ಜೋಡಿಗೆ ನಲವತ್ತೆಂಟು ಸೆಕೆಂಡು, ಎಂಟು ಗಂಟೆಗೆ ಆರುನೂರು ಜೋಡಿ ಎಂದು ಬೋರ್ಡಿಗೆ ಬಂತು. ಅಲ್ಲಿಯವರೆಗೆ ಆ ಮೇಜಿನಲ್ಲಿ ಒಬ್ಬರಿಗೆ ದಿನಕ್ಕೆ ನಾನೂರ ಐವತ್ತು ಆದರೆ ಚೆನ್ನಾಗಿ ಆಯಿತು ಎನ್ನುತ್ತಿದ್ದರು.

ಬೋರ್ಡಿನ ಕೆಳಗೆ ಒಂದು ಸಾಲು ಇತ್ತು. ನಾಲ್ಕು ವಾರದ ಸರಾಸರಿ ಆರುನೂರು ಮುಟ್ಟದವರನ್ನು ಕಾಯಂ ಮೇಜಿನಿಂದ ತೆಗೆದು, ಕೆಲಸ ಇದ್ದ ದಿನ ಮಾತ್ರ ಕರೆಯುವ ಪಟ್ಟಿಗೆ ಹಾಕಲಾಗುವುದು.

ಎರಡನೆಯ ವಾರದ ಭಾನುವಾರ ತಂಗಿ ಅಣ್ಣನ ಮನೆಗೆ ಬಂದು ಹೋದಳು. ಅವಳು ಗೇಟು ದಾಟಿದ ಮೇಲೆ ಮೇಷ್ಟ್ರ ಹೆಂಡತಿ ಕೇಳಿದರು.

"ನಿಮ್ಮ ತಂಗಿ ಲೋಟ ಎಡಗೈಲಿ ಹಿಡ್ಕೊಂಡಿದ್ಲು. ನೋಡಿದ್ರಾ?"

"ಇಲ್ಲ."

"ಊರವರ ಕೈಯೆಲ್ಲ ನೋಡ್ತೀರಿ."

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎರಡು ಬೀದಿ ಆಚೆ ತಂಗಿಯ ಮನೆ. ಅವಳು ಬಾಗಿಲ ಬೀಗಕ್ಕೆ ಕೀ ಹಾಕಿ ಎಡಗೈಯಲ್ಲಿ ತಿರುಗಿಸಲು ಒದ್ದಾಡುತ್ತಿದ್ದಳು.

"ಕೈ ತೋರ್ಸು."

"ಏನಾಗಿಲ್ಲ ಬಿಡಣ್ಣ."

ಬಲ ಮಣಿಕಟ್ಟು ಊದಿತ್ತು. ಎಷ್ಟು ಜೋಡಿ ಆಗುತ್ತಿದೆ ಎಂದು ಕೇಳಿದರು.

"ಐನೂರ ಮೂವತ್ತು. ಊಟ ಆದ್ಮೇಲೆ ಕೈ ಏಳಲ್ಲ."

"ಅವತ್ತು ನಲವತ್ತೆರಡರಲ್ಲಿ ಮಾಡಿದ್ಯಲ್ಲ."

"ಅವತ್ತು ಇಪ್ಪತ್ತು ನಿಮಿಷ. ನೀನು ಬಂದು ಎದುರಿಗೆ ನಿಂತಿದ್ದೀಯ, ಇಪ್ಪತ್ತೊಂದು ಜನ ನೋಡ್ತಿದ್ದಾರೆ. ಅಣ್ಣನ್ನ ನೋಡಿ ಸೋಮಾರಿತನ ಮಾಡಿದ್ಲು ಅಂತ ಅನ್ನಿಸ್ಕೊಳ್ಳಲಾ? ಓಡಿದೆ." ಅವಳು ಬಾಗಿಲು ತೆರೆದು ಒಳಗೆ ಹೋದಳು, ಮತ್ತೆ ಹೊಸ್ತಿಲಿಗೆ ಬಂದಳು. "ನಾನು ಓಡ್ತಿದ್ದೀನಿ ಅಂತ ನಿಂಗೆ ಗೊತ್ತಾಗಲಿಲ್ವಾ? ಅದೇ ಅಲ್ವಾ ನಿನ್ನ ಕೆಲಸ?"

ಮೇಜಿನಲ್ಲಿ ಈಗ ತನ್ನನ್ನು ಯಾರೂ ಮಾತಾಡಿಸುವುದಿಲ್ಲ ಎಂದೂ ಅವಳು ಹೇಳಿದಳು. ದೂರಿನ ದನಿಯಲ್ಲಿ ಹೇಳಲಿಲ್ಲ.

ಮರುದಿನ ಮೇಷ್ಟ್ರು ತಮ್ಮ ಮೇಲಧಿಕಾರಿಗೆ, ಅಂದರೆ ಯೋಜನಾ ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟರು. ಪ್ಯಾಕಿಂಗ್ ಅಳತೆಯ ಮರುಪರಿಶೀಲನೆ ಅಗತ್ಯವಿದೆ ಎಂದಷ್ಟೇ ಅದರಲ್ಲಿತ್ತು. ಏಕೆ ಎಂದು ಬರೆಯಲಿಲ್ಲ. ಮುಖ್ಯಸ್ಥರು ಓದಿ ಮೇಜಿನ ಮೇಲಿನ ಗಾಜಿನ ಗುಂಡಿನ ಕೆಳಗೆ ಇಟ್ಟರು. ಒಂದು ವಾರ ಅಲ್ಲೇ ಇತ್ತು. ಮೇಷ್ಟ್ರು ದಿನಕ್ಕೆರಡು ಸಲ ಆ ಕೋಣೆಯ ಮುಂದೆ ಹಾದುಹೋಗಿ ಕಿಟಕಿಯ ಗಾಜಿನೊಳಗಿಂದ ತಮ್ಮ ಅಕ್ಷರ ನೋಡಿ ಬರುತ್ತಿದ್ದರು. ಮನೆಯಲ್ಲಿ ಅನ್ನ ಕಲೆಸಿ ಹಾಗೇ ಎದ್ದುಬಿಡುತ್ತಿದ್ದರು. ಕೊನೆಗೆ ಒಳಗೆ ಹೋಗಿ ಕೇಳಿದರು.

"ಕಾರಣ ಇಲ್ಲದೆ ಮೇಲಕ್ಕೆ ಹೇಗ್ರೀ ಕಳಿಸ್ಲಿ?" ಎಂದರು ಮುಖ್ಯಸ್ಥರು. "ವಾಚು ಕೆಟ್ಟಿತ್ತಾ?"

"ಇಲ್ಲ. ನಾನೇ ತಪ್ಪು ಬರೆದೆ."

"ಗೊತ್ತಿಲ್ದೆ?"

"ಗೊತ್ತಿದ್ದೇ."

ಮುಖ್ಯಸ್ಥರು ಎದ್ದು ಬಾಗಿಲು ಹಾಕಿ ಬಂದರು. "ಇದನ್ನ ಬರೆದುಕೊಟ್ರೆ ನಿಮ್ಮ ಎರಡು ವರ್ಷದ ಅಳತೆಗೆಲ್ಲ ಯಾರು ಬೆಲೆ ಕೊಡ್ತಾರೆ? ಕಟಿಂಗ್‌ನವರು ಬರ್ತಾರೆ, ಹೊಲಿಗೆಯವರು ಬರ್ತಾರೆ. ಯೋಚನೆ ಮಾಡಿ. ನೀವು ಮತ್ತೆ ಚರ್ಮ ಕತ್ತರಿಸೋಕೆ ಹೋಗಬೇಕಾಗುತ್ತೆ."

ಮೇಷ್ಟ್ರು ಎರಡು ದಿನ ಯೋಚಿಸಿದರು. ನಾಲ್ಕು ವಾರ ಮುಗಿಯಲು ಮೂರು ದಿನ ಉಳಿದಿತ್ತು. ಮೆಟ್ಟಿಲು ಹತ್ತಿ ಇಳಿದು ಬರುವಷ್ಟು ಹೊತ್ತು ಕಾಗದಕ್ಕಿರಲಿಲ್ಲ. ತರಬೇತಿಯ ನೋಟ್‌ಬುಕ್ ತೆಗೆದು ಹುಡುಕಿದರು. ಗಣಿ ಕಂಪನಿಯವನು ಮೆಟ್ಟಿಲಿನ ನಿಯಮ ಬರೆದ ಕಡೆಯೇ ಒಂದು ಸೇತುವೆಯನ್ನೂ ಬರೆದಿದ್ದ. ಬೇರೆ ಬೇರೆ ವಿಭಾಗದಲ್ಲಿ ಒಂದೇ ಮಟ್ಟದಲ್ಲಿರುವ ಇಬ್ಬರು, ಅವರವರ ಮೇಲಧಿಕಾರಿಗಳು ಒಪ್ಪಿದರೆ, ನೇರವಾಗಿ ಮಾತಾಡಿ ಕೆಲಸ ಮುಗಿಸಬಹುದು. ಪ್ಯಾಕಿಂಗ್ ಸೂಪರ್‌ವೈಸರಮ್ಮ ಇವರ ಮಟ್ಟದವರೇ.

ಆಕೆ ಚೀಟಿಗಳ ಕಟ್ಟು ಬಿಚ್ಚುತ್ತಿದ್ದರು. ಮೇಷ್ಟ್ರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಆಕೆ ಕಟ್ಟು ಕೆಳಗಿಟ್ಟರು.

"ಈಗ ಹೇಳ್ತಿದ್ದೀರಲ್ಲ ಮೇಷ್ಟ್ರೇ. ಹದಿನೆಂಟು ಹೆಸರು ಬರೆದು ಇಟ್ಟಿದ್ದೀನಿ. ಇಪ್ಪತ್ತೆರಡರಲ್ಲಿ ಆರುನೂರು ಮುಟ್ಟಿದವರು ನಾಲ್ಕೇ ಜನ. ಉಳಿದವರು ಹೋದ್ರೆ ಡಬ್ಬಿ ನೀವು ತುಂಬ್ತೀರಾ?"

"ಮತ್ತೆ ಅಳೀಬೇಕು. ನಾಳೆನೇ."

"ಯಾರು ಅಳೆಯೋದು? ನೀವೇನಾ?" ಆಕೆ ಒಂದು ಬಿಳಿ ಹಾಳೆಯನ್ನು ಅವರ ಮುಂದೆ ಸರಿಸಿದರು. "ಆಗ್ಲಿ. ಆದ್ರೆ ಆ 'ಗೊತ್ತಿದ್ದೇ ಬರೆದೆ' ಅನ್ನೋ ಮಾತು ಕಾಗದದಲ್ಲಿ ಇರ್ಬೇಕು. ಇಲ್ದಿದ್ರೆ ನನ್ನ ಸಾಹೇಬ್ರು ನಾನು ಹೆಂಗಸರ ಪರ ಅಂತಾರೆ."

ಮೇಷ್ಟ್ರು ಅಲ್ಲೇ, ಚೀಟಿಯ ಡಬ್ಬದ ಮೇಲೆ ಕಾಗದ ಇಟ್ಟುಕೊಂಡು ಬರೆದರು. "ವೇಗ ನೂರ ಇಪ್ಪತ್ತು ಎಂದು ಕಂಡಿದ್ದೂ, ಕೆಲಸಗಾರ್ತಿ ನನ್ನ ತಂಗಿಯಾದ್ದರಿಂದ ಜನರ ಮಾತಿಗೆ ಹೆದರಿ ನೂರು ಎಂದು ಬರೆದಿದ್ದೇನೆ." ಅದರ ಕೆಳಗೆ ಸಹಿ. ಸಂಜೆಯ ಹೊತ್ತಿಗೆ ಎರಡೂ ಕಡೆಯ ಮುಖ್ಯಸ್ಥರು ಒಪ್ಪಿದರು. ಜವಾಬ್ದಾರಿ ತಮ್ಮದಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ಷರಾ ಬರೆದರು.

ಮರುದಿನ ಮೂವರನ್ನು ಅಳೆದರು. ಮೊದಲಿಗೆ ನಿಂತದ್ದು ಮೇಜಿನಲ್ಲೇ ಹಿರಿಯವರು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವಾಕೆ. ತಂಗಿ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಮೇಜಿನ ಕೊನೆಯಲ್ಲಿ ಎಡಗೈಯಿಂದ ಚೀಟಿ ಅಂಟಿಸುತ್ತಿದ್ದಳು. ಅವಳು ಈ ಕಡೆ ನೋಡಲಿಲ್ಲ. ದೊಡ್ಡಕ್ಕ ಒಂದೊಂದು ಶೂವನ್ನೂ ಹಸುಗೂಸಿನಂತೆ ಮಲಗಿಸತೊಡಗಿದರು. ಜೋಡಿಗೆ ಅರವತ್ತಮೂರು ಸೆಕೆಂಡು.

"ಅಕ್ಕಾ, ಇದು ನಿಮ್ಮ ದಿನದ ಕೈ ಅಲ್ಲ."

"ಅವತ್ತು ಓಡಿದ್ದನ್ನ ನಡಿಗೆ ಅಂದ್ರಿ. ಇವತ್ತು ನಡೀತಿದ್ರೆ ತೆವಳ್ತಿದ್ದೀರ ಅಂತೀರಿ" ಎಂದರು ದೊಡ್ಡಕ್ಕ. ಸುತ್ತಲಿದ್ದವರು ನಕ್ಕರು.

ಮೇಷ್ಟ್ರು ಎಂಬತ್ತು ಎಂದು ಬರೆದರು. ದೊಡ್ಡಕ್ಕ ಬಗ್ಗಿ ನೋಡಿದರು.

"ತೊಂಬತ್ತು ಮಾಡಿ. ನನ್ನ ಕೈಗೆ ಐವತ್ತೆಂಟು ವರ್ಷ."

"ಎಂಬತ್ತೇ ಅಕ್ಕ."

ಅರವತ್ತಮೂರಕ್ಕೆ ಎಂಬತ್ತರ ಲೆಕ್ಕ ಹಾಕಿ, ಮಾಮೂಲಿ ಹದಿನೈದು ಸೇರಿಸಿದರೆ ಐವತ್ತೆಂಟು ಸೆಕೆಂಡು. ಉಳಿದಿಬ್ಬರದೂ ಅಲ್ಲಲ್ಲಿಗೇ ಬಂತು. ದಿನಕ್ಕೆ ನಾನೂರ ತೊಂಬತ್ತಾರು ಜೋಡಿ. ಬೋರ್ಡು ಬದಲಾಯಿತು. ಹಳೆಯ ನಾಲ್ಕು ವಾರವನ್ನು ಹೊಸ ಅಳತೆಯಲ್ಲಿ ನೋಡಿದಾಗ ಹದಿನೆಂಟು ಹೆಸರಿನಲ್ಲಿ ಹದಿನೇಳು ಅಳಿಸಿಹೋದವು. ತಂಗಿಯದೂ ಅಳಿಸಿತು. ಉಳಿದದ್ದು ದೊಡ್ಡಕ್ಕನ ಹೆಸರು. ಅವರ ಸರಾಸರಿ ನಾನೂರ ಎಂಬತ್ತು. ತಪ್ಪು ಕಾರ್ಖಾನೆಯದೂ ಆದ್ದರಿಂದ ಅವರಿಗೆ ಇನ್ನೂ ನಾಲ್ಕು ವಾರ ಕೊಟ್ಟರು.

ಮೇಷ್ಟ್ರ ಕೈಯಿಂದ ಹಾಳೆ, ವಾಚು ಎರಡನ್ನೂ ತೆಗೆದುಕೊಂಡು ಅವರನ್ನು ಕಟಿಂಗ್ ವಿಭಾಗಕ್ಕೆ ವಾಪಸು ಕಳಿಸಿದರು. ಅಲ್ಲಿಯವರು ಜಾಗ ಬಿಟ್ಟುಕೊಟ್ಟರು. ಮಾತು ಮಾತ್ರ ಹೆಚ್ಚು ಕೊಡಲಿಲ್ಲ.

ಮೂರನೆಯ ದಿನ ಊಟದ ಬಿಡುವಿನಲ್ಲಿ ಅವರು ಪ್ಯಾಕಿಂಗ್ ಮೇಜಿನ ಬಳಿ ಬಂದು ನಿಂತರು. ದೊಡ್ಡಕ್ಕ ಬೇಗ ಊಟ ಮುಗಿಸಿ ಕೆಲಸಕ್ಕೆ ಬಂದಿದ್ದರು. ತರಬೇತಿಯಲ್ಲಿ ಮೊದಲ ವಾರವೇ ಹೇಳಿದ್ದ ಪಾಠ ಒಂದಿತ್ತು. ಕೆಲಸದ ರೀತಿ ಸರಿಮಾಡಿದ ಮೇಲೆ ಮಾತ್ರ ಗಡಿಯಾರ ಕೈಗೆ ತೆಗೆದುಕೊಳ್ಳಬೇಕು. ಪ್ಯಾಕಿಂಗ್‌ನಲ್ಲಿ ತಂಗಿಯೆದುರು ಬೇಗ ಮುಗಿಸಿ ಹೊರಡುವ ಆತುರದಲ್ಲಿ ಅವರು ಅದನ್ನು ಮಾಡಿಯೇ ಇರಲಿಲ್ಲ. ಈಗ ನೋಡಿದರು. ತೆಳು ಕಾಗದದ ಕಟ್ಟು ಬಲಗಡೆ ಇತ್ತು. ಪ್ರತಿ ಜೋಡಿಗೂ ದೊಡ್ಡಕ್ಕ ಡಬ್ಬಿಯ ಮೇಲಿಂದ ಮೈ ಚಾಚಿ ಅದನ್ನು ಎಳೆಯುತ್ತಿದ್ದರು.

"ಅದನ್ನ ಎಡಕ್ಕೆ ಇಟ್ಕೊಳ್ಳಿ ಅಕ್ಕ."

ಹಿಂದಿನಿಂದ ಸೂಪರ್‌ವೈಸರಮ್ಮ ಬಂದರು. "ಕಟಿಂಗ್‌ನವರಿಗೆ ಇಲ್ಲೇನು ಕೆಲಸ? ಇವರಿಗೆ ಹೇಳೋ ಅಧಿಕಾರ ಇರೋದು ನನಗೊಬ್ಬಳಿಗೇ."

"ಸರಿ."

"ಏನು ಹೇಳಿದ್ರಿ ಅವರಿಗೆ?"

ಮೇಷ್ಟ್ರು ಇನ್ನೊಮ್ಮೆ ಹೇಳಿದರು. ಸೂಪರ್‌ವೈಸರಮ್ಮ ದೊಡ್ಡಕ್ಕನ ಕಡೆ ತಿರುಗಿ, "ಕಾಗದ ಎಡಕ್ಕಿಡಿ. ನಾನು ಹೇಳ್ತಿದ್ದೀನಿ" ಎಂದರು.

ಸಂಜೆ ಗೇಟಿನಲ್ಲಿ ತಂಗಿ ಅಣ್ಣನಿಗಾಗಿ ನಿಂತಿದ್ದಳು. ದೊಡ್ಡಕ್ಕನ ಲೆಕ್ಕ ನಾನೂರ ಎಂಬತ್ತೊಂಬತ್ತು ಎಂದಳು. ಇನ್ನೂ ಏಳು ಜೋಡಿ ಕಮ್ಮಿ. ಮೇಷ್ಟ್ರು ನಡೆಯುತ್ತಲೇ ಕೇಳಿದರು, "ಉಂಡೆ ಕಾಗದ ಎಲ್ಲಿಡ್ತಾರೆ? ಮೇಜಿನ ಮೇಲಾ, ಕೆಳಗಾ?"

"ಕೆಳಗೆ. ಬುಟ್ಟೀಲಿ."

"ಎಷ್ಟು ಕೆಳಗೆ?"

ತಂಗಿ ರಸ್ತೆಯ ಮಧ್ಯದಲ್ಲೇ ನಿಂತು, ಪಟ್ಟಿ ಸುತ್ತಿದ ಕೈಯನ್ನು ಮೊಣಕಾಲಿನವರೆಗೆ ಇಳಿಸಿ ತೋರಿಸಿದಳು.