ಪ್ರಹ್ಲಾದರಾಯರ ಟೆರಾಹರ್ಟ್ಜ್ ಯಂತ್ರ

ಕಲಬುರಗಿಯ ಬ್ರಹ್ಮಪುರದ ಪ್ರಹ್ಲಾದರಾಯರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ್ದಕ್ಕಿಂತ ಪತ್ರಿಕೆಯಲ್ಲಿ ತಮ್ಮ ಫೋಟೋ ಹಾಕಿಸಿಕೊಂಡದ್ದೇ ಹೆಚ್ಚು.

೨೦೦೩ರಲ್ಲಿ ಅವರ ಹಳೆಯ ವಿದ್ಯಾರ್ಥಿನಿ ದಿಲ್ಶಾದ್ ಬೇಗಂ ಮುಂಬೈಯ ಲೇಸರ್ ಪ್ರಯೋಗಾಲಯದಿಂದ ರಜೆಗೆ ಬಂದಳು. ಏನು ಕೆಲಸ ಎಂದು ರಾಯರು ಕೇಳಿದರು. ಪಾಪ, ಅವಳು ನಂಬಿ ಹೇಳಿದಳು.

“ಭಾಳ ಸಣ್ಣ ಹೊತ್ತಿನ ಲೇಸರ್ ಮಿಡಿತ ಇರ್ತದರಿ ಸರ್, ಕಣ್ಣು ಮಿಟುಕಿಸೋದು ಅದರ ಮುಂದ ಒಂದು ಯುಗ. ಅದನ್ನ ಒಂದು ಹರಳಿನಾಗ ಹಾಯಿಸಿದ್ರ ಜೋಡಿಗಿ ನೀಲಿ ಬಣ್ಣನೂ ಹುಟ್ಟತದ. ಎರಡನ್ನೂ ಗಾಳಿಯೊಳಗ ಒಂದೇ ಬಿಂದುವಿಗಿ ಕೂಡಿಸಿದ್ರ ಅಲ್ಲಿನ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಬರ್ತಾವ. ಅದೇ ಪ್ಲಾಸ್ಮಾ. ಎರಡು ಬಣ್ಣ ಕೂಡಿದ್ದಕ್ಕ ಎಲೆಕ್ಟ್ರಾನ್ ಒಂದೇ ಕಡಿ ನೂಕಿಸ್ಕೋತಾವ. ಆ ಒಂದು ಗಳಿಗಿ ಹರಿಯೋ ವಿದ್ಯುತ್ತೇ ಟೆರಾಹರ್ಟ್ಜ್ ಅಲೆ ಬಿಡ್ತದ. ಕಾಗದ, ಅರಿವಿ ದಾಟತದ. ಆದ್ರ ನೀರು ಅದನ್ನ ನುಂಗಿಬಿಡ್ತದ.”

ಇಷ್ಟರಲ್ಲಿ ರಾಯರ ಕಿವಿಗೆ ಬಿದ್ದದ್ದು ‘ಅರಿವಿ ದಾಟತದ’, ಅಂದರೆ ಬಟ್ಟೆಯೊಳಗಿನದೂ ಕಾಣುತ್ತದೆ, ಎಂಬುದೊಂದೇ.

ಕೆಲವೇ ದಿನಗಳಲ್ಲಿ ಕಮಲಾಪುರದಲ್ಲಿ ‘ಟೆರಾಹರ್ಟ್ಜ್ ಯಂತ್ರ’ದ ಪ್ರದರ್ಶನ ಏರ್ಪಟ್ಟಿತು. ಯಂತ್ರವೆಂದರೆ ಹಳೆಯ ರೇಡಿಯೋ ಡಬ್ಬಿ. ಒಳಗೆ ಕೆಂಪು ಬೆಳಕು ಬಿಡುವ ಪಾಯಿಂಟರು, ಊದಿನಕಡ್ಡಿ. ಹೊಗೆಯನ್ನು ರಾಯರು ಪ್ಲಾಸ್ಮಾ ಎಂದು ಕರೆದರು. ಸಭಿಕರು ಕೊಟ್ಟ ವಸ್ತುವನ್ನು ಬಟ್ಟೆಚೀಲದಲ್ಲಿ ಕಟ್ಟುವುದು ಅಳಿಯ ಮುಕುಂದನ ಕೆಲಸ. ಕೀಲಿಯಾದರೆ ಒಂದು ಸಲ ಕೆಮ್ಮುತ್ತಿದ್ದ, ಬಳೆಯಾದರೆ ಎರಡು ಸಲ. ರಾಯರು ಡಬ್ಬಿಗೆ ಕಣ್ಣಿಟ್ಟು ಚೀಲದೊಳಗೆ ಏನಿದೆಯೆಂದು ಗಂಭೀರವಾಗಿ ಹೇಳಿಬಿಡುತ್ತಿದ್ದರು.

ಮುಂದಿನ ಸಾಲಿನಲ್ಲಿ ಕೂತಿದ್ದ ದಿಲ್ಶಾದ್‌ಗೆ ತಡೆಯಲಾಗಲಿಲ್ಲ. “ಸರ್, ಆ ಚೀಲ ನೀರಾಗ ಅದ್ದಿ ನೋಡ್ರಿ.”

ನೀರು ಆ ಅಲೆಯನ್ನು ನುಂಗುತ್ತದೆಂಬ ಮಾತು ರಾಯರ ಕಿವಿಗೆ ಬಿದ್ದೇ ಇರಲಿಲ್ಲ. ಧಾರಾಳವಾಗಿ ಅದ್ದಿಸಿದರು. ಮುಕುಂದ ಎರಡು ಸಲ ಕೆಮ್ಮಿದ.

“ಬಳಿ!” ಎಂದರು ರಾಯರು.

“ತೊಯ್ದ ಅರಿವಿಯಾಗಿಂದ ಕಾಣಿಸ್ತಂದ್ರ ಅದು ಟೆರಾಹರ್ಟ್ಜ್ ಅಲ್ರಿ ಸರ್. ಇದು ಮೋಸ.”

 ಅಧ್ಯಕ್ಷತೆ ವಹಿಸಿದ್ದ ಊರಿನ ಗಣ್ಯ ಸೂರ್ಯಕಾಂತ ಮೈಕು ಹಿಡಿದು ಎದ್ದ. “ಕೇಳಿದ್ರೇನ್ರಿ? ಮುಂಬೈ ಯಂತ್ರಕ್ಕ ನೀರು ಅಡ್ಡ ಬರ್ತದಂತ. ನಮ್ಮ ರಾಯರ ಯಂತ್ರಕ್ಕ ನೀರೂ ಲೆಕ್ಕಿಲ್ಲ!”

ಚಪ್ಪಾಳೆ ಸೂರು ಹಾರುವಂತೆ ಬಿತ್ತು. ರಾಯರಿಗೆ ಶಾಲು, ಕೆಂಪು ಬಾಳೆಯ ಗೊನೆ. ದಿಲ್ಶಾದ್ ಅವಮಾನದಿಂದ ಕುದಿಯುತ್ತ ಹೊರಬಿದ್ದಳು. ರಾಯರು ಬೆನ್ನಟ್ಟಿ ಬಂದರು.

“ಸಿಟ್ಟಾಗಬ್ಯಾಡವಾ. ಮುಂದಿನ ಸಲ ನೀನೂ ಸ್ಟೇಜ್ ಮ್ಯಾಲ ಕೂಡು, ನಿನಗೂ ಶಾಲು ಹೊಚ್ಚಸ್ತೇನಿ.”

“ನನಗ ಥಂಡಿ ಆಗಿಲ್ರಿ ಸರ್” ಎಂದು ಅವಳು ಕಲಬುರಗಿ ಬಸ್ಸು ಹತ್ತಿದಳು.

ಮರುವರ್ಷ ರಾಯರು ಪ್ರಿನ್ಸಿಪಾಲರಾದರು. ಮೊದಲ ಭಾಷಣ ವೈಜ್ಞಾನಿಕ ಮನೋಭಾವದ ಬಗ್ಗೆ. ಎರಡು ತಾಸು ಮಾತಾಡಿದರು.