ಹನುಮಕ್ಕನ ಪಡಸಾಲೆಯ ಅಂಗನವಾಡಿ

ಹೆಸರುಕಾಳು ಬೇಯುವ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಪೀಣ್ಯದಲ್ಲಿ ಆ ವಾಸನೆ ಒಂಟಿಯಾಗಿ ಬರುತ್ತಿರಲಿಲ್ಲ. ಲೇಥ್ ಮಿಷಿನ್ನಿನ ಎಣ್ಣೆ, ಕಾದ ಕಬ್ಬಿಣ, ಹನುಮಕ್ಕನ ಹಸುವಿನ ಗಂಜಲ, ಎಲ್ಲವನ್ನೂ ಜೊತೆಗೆ ಕರೆದುಕೊಂಡೇ ಬರುತ್ತಿತ್ತು. ಹನುಮಕ್ಕ ನಮ್ಮ ವಠಾರದ ಒಡತಿ. ರಾಗಿ ಬೆಳೆಯುತ್ತಿದ್ದ ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಳು. ತನ್ನ ಹಳೇ ಹೆಂಚಿನ ಮನೆಯ ಪಡಸಾಲೆಯನ್ನು ಮಾತ್ರ ಅಂಗನವಾಡಿಗೆ ಕೊಟ್ಟಿದ್ದಳು. ಬರಿಗಾಲಿಗೆ ತಣ್ಣಗೆ ತಾಗುವ ಕೆಂಪು ಗಾರೆ ನೆಲ, ಮೂಲೆಯಲ್ಲಿ ಕುದಿಯುವ ಪಾತ್ರೆ, ಗೋಡೆಯ ಮೇಲೆ ಬಣ್ಣ ಮಾಸಿದ ಒಂದು ಆನೆ. ನಿಮಗೂ ಇಂಥ ಒಂದು ಪಡಸಾಲೆ ಇತ್ತೆಂದರೆ ನಾನು ಹೇಳುವುದು ಅರ್ಥವಾಗುತ್ತದೆ.

ಅಲ್ಲಿಗೆ ಸೇರುವ ಮೊದಲು ನಾನು ಬೀಗದೊಳಗಿದ್ದೆ. ಅಪ್ಪ ಲೇಥ್ ಕೆಲಸಕ್ಕೆ, ಅಮ್ಮ ಗಾರ್ಮೆಂಟ್ಸಿಗೆ ಹೋಗುವಾಗ ಬಟ್ಟಲಲ್ಲಿ ಕಡ್ಲೆಪುರಿ, ಲೋಟದಲ್ಲಿ ನೀರು ಇಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದರು. ವಠಾರದ ತಾಯಂದಿರೆಲ್ಲ ಮಾಡುತ್ತಿದ್ದುದು ಅದನ್ನೇ. ಬಾಗಿಲು ತೆರೆದಿಟ್ಟರೆ ಎದುರಿಗೇ ಲಾರಿ ರಸ್ತೆ. ಮೂರು ವರ್ಷ ತುಂಬಿದರೂ ನಾನು ಮಾತಾಡಲಿಲ್ಲ. ಅಮ್ಮ ನನ್ನನ್ನು ಮೂಗಿಯೆಂದೇ ತಿಳಿದು ದೇವರಿಗೆ ಹರಕೆ ಹೊತ್ತಳಂತೆ, ಬಜೆ ಬೇರು ತೇಯ್ದು ನಾಲಿಗೆಗೆ ಸವರಿದಳಂತೆ. ಒಂದು ದಿನ ಅಂಗನವಾಡಿಯ ಸರೋಜಾ ಟೀಚರ್ ಮನೆಮನೆಗೆ ಬಂದವರು ಕಿಟಕಿಯಲ್ಲಿ ನನ್ನನ್ನು ಕಂಡರು. ಸಂಜೆ ಅಮ್ಮ ಬರುವ ತನಕ ಕಾದು ನಿಂತು ಬೈದರು. "ಮೂಗಿ ಅಲ್ಲ ಕಣಮ್ಮ ನಿನ್ ಮಗಳು. ದಿನವೆಲ್ಲ ಗೋಡೆ ಹತ್ರ ಏನಂತ ಮಾತಾಡ್ತಾಳೆ? ಬೀಗದ ಕೈ ಹನುಮಕ್ಕನ ಹತ್ರ ಬಿಟ್ಟೋಗು." ಮಾರನೆಯ ದಿನದಿಂದ ಹನುಮಕ್ಕ ಹಾಲು ಕರೆದು, ಸೆರಗಿಗೆ ಕೈ ಒರೆಸಿಕೊಂಡು, ಸಾಲಾಗಿ ಬಾಗಿಲು ತೆಗೆಯುತ್ತ ಬರುತ್ತಿದ್ದಳು. ಉಚ್ಚೆ ನಾರುವ ನಮ್ಮನ್ನೆಲ್ಲ ಹೊರಗೆಳೆದು ತೊಳೆದು ಪಡಸಾಲೆಯಲ್ಲಿ ಕೂರಿಸುತ್ತಿದ್ದಳು. ಅಲ್ಲಿ ಟೀಚರ್ ಹಾಡಿಸಿದರು, ಕುಣಿಸಿದರು, ಜಗಳ ಬಿಡಿಸಿದರು. ನಾನು ಆಡಿದ ಮೊದಲ ಮಾತು "ಅಮ್ಮ" ಅಲ್ಲ. ಹೆಸರುಕಾಳಿನ ಬಟ್ಟಲು ಚಾಚಿ "ಇನ್ನೊಂಚೂರು" ಅಂದೆನಂತೆ. ಇದನ್ನು ಹೇಳುವಾಗ ಅಮ್ಮ ನಗಲು ಶುರುಮಾಡಿ ಅಳುತ್ತಿದ್ದಳು.

ಹನುಮಕ್ಕ ಸತ್ತ ಮೇಲೆ ಅವಳ ಮಗ ಹೆಂಚಿನ ಮನೆ ಕೆಡವಿ ಪೀಜಿ ಹಾಸ್ಟೆಲ್ ಕಟ್ಟಿಸಿದ. ಅಂಗನವಾಡಿಯನ್ನು ಹೆದ್ದಾರಿಯ ಆಚೆಗೆ ಎತ್ತಿಕೊಂಡು ಹೋದರು. ಯಾರೂ ಕೇಳಲಿಲ್ಲ, ಕೇಳಬೇಕಾದವರು ಹೊಲಿಗೆ ಮಿಷಿನ್ ಮುಂದೆ ಕೂತಿದ್ದರು. ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರು ಅಂದರು, "ಅಂಗನವಾಡೀಲಿ ಏನ್ ಕಲಿಸ್ತಾರೆ ಮೇಡಂ, ಊಟ ಹಾಕಿ ಮಲಗಿಸ್ತಾರೆ ಅಷ್ಟೇ." ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮಗು ಗೋಡೆ ತುಂಬ ಮೊಲದ ಚಿತ್ರವಿರುವ ಪ್ಲೇಸ್ಕೂಲಿಗೆ ಹೋದರೆ ಬುದ್ಧಿ ಬೆಳೆಯುವ ವಯಸ್ಸಂತೆ. ಕೂಲಿಯವರ ಮಗು ಅದೇ ವಯಸ್ಸಿಗೆ ಹೋದರೆ ಗಂಜಿಗಂತೆ. ಹೊಟ್ಟೆ ತುಂಬಿದವರಿಗೆ ಹಸಿದವರ ಸಂಕಟ ತಿಳಿಯದು ಎನ್ನುತ್ತಾರೆ. ಸುಳ್ಳು. ಮಗುವಿಗೆ ಏನು ಬೇಕೆಂದು ಇವರಿಗೆ ಚೆನ್ನಾಗಿ ಗೊತ್ತು, ತಮ್ಮ ಮಗುವಾದರೆ ಮಾತ್ರ.

ಹೋದ ವಾರ ಸಂಜೆ ಆ ಕಡೆ ಹೋಗಿದ್ದೆ. ಪೀಜಿಯ ಹಿಂದೆ ನಮ್ಮ ಸಾಲು ಮನೆಗಳು ಇನ್ನೂ ಇವೆ. ಒಂದು ಕಿಟಕಿಯಲ್ಲಿ ಮೂರು ವರ್ಷದ ಹೆಣ್ಣುಮಗು ಸರಳು ಹಿಡಿದು ನಿಂತಿತ್ತು. ಹೆಸರು ಕೇಳಿದೆ, ಊಟ ಆಯಿತಾ ಅಂದೆ, ಅಮ್ಮ ಎಲ್ಲಿ ಅಂದೆ. ಅದು ನನ್ನ ಬಾಯಿಯನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾಯಿ ಓಡುತ್ತ ಬಂದಳು, ಕೂದಲಿಗೆಲ್ಲ ಗಾರ್ಮೆಂಟ್ಸಿನ ನೂಲು ಅಂಟಿತ್ತು. ಅಂಗನವಾಡಿಗೆ ಕಳಿಸಬಾರದೇ ಎಂದು ಕೇಳಿದೆ.

"ಅದು ಆ ಕಡೆ ಹೋಯ್ತಲ್ಲಕ್ಕ. ಅವ್ರು ಬಾಗ್ಲು ತೆಗೆಯೋ ಹೊತ್ಗೆ ನಮ್ ಫ್ಯಾಕ್ಟ್ರಿ ಗೇಟ್ ಹಾಕ್ಬಿಟ್ಟಿರ್ತಾರೆ. ರೋಡ್ ದಾಟಿಸಿ ಯಾರ್ ಬಿಡ್ತಾರೆ?"

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಬೀಗ ತೆಗೆದು ಮಗುವನ್ನು ಎತ್ತಿಕೊಂಡಳು, ಕೆನ್ನೆ ಒರೆಸಿದಳು. ನನ್ನ ಮುಖ ನೋಡಿ ಏನನ್ನಿಸಿತೋ, ಸಮಾಧಾನ ಮಾಡುವವಳಂತೆ, ಹೆಮ್ಮೆಯಿಂದಲೇ ಹೇಳಿದಳು: "ಆದ್ರೂ ತುಂಬ ಒಳ್ಳೇ ಮಗು ಅಕ್ಕ ಇದು. ದಿನವೆಲ್ಲ ಒಂದ್ ಸದ್ದೂ ಮಾಡಲ್ಲ."