ಪೋಪ್ ಘೋಷಿಸದ ಮಾತು

ನಮ್ಮ ಕ್ಯಾಟಕಿಸಂ ಟೀಚರಿಗೆ ಬಲಗಡೆಯ ಹುಬ್ಬೊಂದೇ ಮೇಲೇರುತ್ತಿತ್ತು. ಏರಿತೆಂದರೆ ನಾವು ಏನೋ ಬೊಗಳೆ ಬಿಟ್ಟಿದ್ದೇವೆ ಎಂದೇ ಅರ್ಥ. ಭಾನುವಾರ ಪೂಜೆ ಮುಗಿದ ಮೇಲೆ ಜೆ.ಪಿ. ನಗರದ ನಮ್ಮ ಚರ್ಚಿನ ಹಿಂದಿನ ಶೆಡ್ಡಿನಲ್ಲಿ ಅವರ ಧರ್ಮಪಾಠ. ಪೋಪ್ ತಪ್ಪೇ ಮಾಡುವುದಿಲ್ಲ ಎಂದು ನಾನೊಮ್ಮೆ ಜಂಬದಿಂದ ಹೇಳಿದಾಗ ಹುಬ್ಬು ಏರಿತು.

"ಅವರೂ ಮನುಷ್ಯರೇ ಕಣೇ. ನಾಳೆ ಮಳೆ ಬರುತ್ತೆ ಅಂದ್ರೆ ಬರ್ದೇನೂ ಇರ್ಬಹುದು. ನಂಬಿಕೆ ವಿಷ್ಯದಲ್ಲಿ, ಇಡೀ ಧರ್ಮಸಭೆಗೆ, ಇದೇ ಕೊನೇ ಮಾತು ಅಂತ ಘೋಷಿಸ್ತಾರಲ್ಲ, ಅದು ಮಾತ್ರ ತಪ್ಪೋದಿಲ್ಲ. ಅಂಥದ್ದು ತುಂಬಾ ಕಮ್ಮಿ."

ಆ ಪಾಠ ನನಗೆ ಬೇಕಾದದ್ದು ಮದುವೆಯಾಗಿ ಪಕ್ಕದ ಪುಟ್ಟೇನಹಳ್ಳಿಗೆ ಬಂದ ಮೇಲೆ. ಮಗು ಹುಟ್ಟಿದ್ದು ತಪಸ್ಸುಕಾಲದಲ್ಲಿ. ಉಪವಾಸದ ದಿನಗಳಲ್ಲಿ ಬಿರಿಯಾನಿ ಹಾಕುವಂತಿಲ್ಲ, ಈಸ್ಟರ್ ಕಳೆಯಲಿ, ನೆಂಟರನ್ನೆಲ್ಲ ಕರೆದು ತಲೆಗೆ ನೀರು ಹಾಕಿಸಿ ದೀಕ್ಷಾಸ್ನಾನ ಮಾಡಿಸೋಣ ಎಂದರು ಅತ್ತೆ. ಈಸ್ಟರಿಗೆ ಮೊದಲೇ ಮಗು ನ್ಯುಮೋನಿಯಾದಿಂದ ತೀರಿಕೊಂಡಿತು.

"ನೀರು ಬೀಳದ ಮಗು ಸ್ವರ್ಗನೂ ಅಲ್ಲದ ನರಕನೂ ಅಲ್ಲದ ಲಿಂಬೋದಲ್ಲಿರುತ್ತೆ. ದೇವರ ಮುಖ ಕಾಣಲ್ಲ, ನಮಗೂ ಸಿಗಲ್ಲ," ಎಂದು ಅತ್ತೆ ಬಿಕ್ಕಿದರು. ಅಂದಿನಿಂದ ಕಣ್ಣು ಮುಚ್ಚಿದರೆ ಮಗು ಎಲ್ಲೋ ಒಂಟಿಯಾಗಿ ನನ್ನನ್ನು ಹುಡುಕುತ್ತಿರುವಂತೆ ಅನಿಸುತ್ತಿತ್ತು. ನೀರು ಬೀಳುವ ಸದ್ದು ಕೇಳಲಾರದೆ ಬಚ್ಚಲಿನ ನಲ್ಲಿ ತಿರುಗಿಸಲೂ ಹೆದರುತ್ತಿದ್ದೆ.

ಸುದ್ದಿ ತಿಳಿದು ಟೀಚರ್ ಮನೆಗೆ ಬಂದರು. "ಪೋಪ್ ಹೇಳಿರೋದು ಟೀಚರ್, ಸುಳ್ಳಾಗುತ್ತಾ?" ಎಂದರು ಅತ್ತೆ.

"ಯಾವ ಪೋಪೂ ಹಾಗೆ ಘೋಷಿಸಿಲ್ಲಮ್ಮ. ಅದು ಹಿಂದಿನ ಪಂಡಿತರ ಊಹೆ."

ನಾನು ಅವರ ಕೈ ಹಿಡಿದುಕೊಂಡೆ. "ಹಾಗಾದ್ರೆ ಸ್ವರ್ಗದಲ್ಲೇ ಇದೆ ಅಲ್ವಾ? ಖಂಡಿತ ಅನ್ನಿ ಟೀಚರ್."

ಅವರು ಅನ್ನಲಿಲ್ಲ. "ಅದನ್ನೂ ಯಾರೂ ಘೋಷಿಸಿಲ್ಲ ಕಣೇ. ದೇವರ ಕರುಣೆಗೆ ಒಪ್ಪಿಸಿ ಆಸೆ ಇಟ್ಕೋಬಹುದು, ಅಷ್ಟೇ. ನಾನೂ ಹಾಗೇ ಇಟ್ಕೊಂಡಿದೀನಿ. ನನ್ನ ಮೊದಲನೇದೂ ನೀರು ಬೀಳೋಕೆ ಮುಂಚೆನೇ ಹೋಯ್ತು."

ನನಗೆ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆದರೆ ಮುಂದಿನ ಭಾನುವಾರದಿಂದ ಅವರು ಪೂಜೆಯಲ್ಲಿ ನನ್ನ ಪಕ್ಕದಲ್ಲೇ ಕೂರತೊಡಗಿದರು. ಭಯವಾಗುತ್ತಿದೆ ಎಂದರೆ, "ನಂಗೂ ಆಗುತ್ತೆ. ಬಾ, ಮಂಡಿಯೂರೋಣ," ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲರೂ ಧೈರ್ಯ ಹೇಳುತ್ತಿದ್ದರು. ನನ್ನ ಜೊತೆ ಹೆದರಿದವರು ಇವರೊಬ್ಬರೇ.

ಕಳೆದ ವರ್ಷ ಅವರು ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. ಫಾದರ್ ಬಂದು ಕೊನೆಗಾಲದ ತೈಲ ಹಚ್ಚಿ ಹೋಗಿದ್ದರು. ಟೀಚರ್ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು.

"ನನ್ ಮಗು ಸಿಗುತ್ತೇನೇ?"

"ಸಿಗುತ್ತೆ ಟೀಚರ್. ಖಂಡಿತ," ಎಂದೆ.

ಹಾಗೆ ಹೇಳಲು ನಾನು ಯಾರು? ಅವರು ಹೂಂ ಎನ್ನುವಂತೆ ತಲೆಯಾಡಿಸಿ ಕಣ್ಣು ಮುಚ್ಚಿದರು. ಸಂಜೆಗೆ ಹೋಗಿಬಿಟ್ಟರು. ಅವರಿಗೆ ಕೊಟ್ಟ ಮಾತನ್ನು ಇನ್ನು ಹಿಂದಕ್ಕೆ ಪಡೆಯುವಂತಿಲ್ಲ. ಹೆದರುತ್ತಲೇ ಆದರೂ ನಾನೂ ಅದನ್ನು ನಂಬಬೇಕು.